ಹನ್ನೊಂದರಿಂದ ಆರಂಭವಾದ ಎಣಿಕೆ

ವಾಚಕರಲ್ಲಿ ಯಾರ ಮನೆಯಲ್ಲಾದರೂ 'ಅಮರ ಚಿತ್ರ ಕಥೆ'ಯ ಹಳೆಯ ಇಂಗ್ಲಿಷ್ ಪ್ರತಿಗಳು ಉಳಿದಿದ್ದರೆ, ಅವುಗಳಲ್ಲಿ 'ಕೃಷ್ಣ' ಎಂಬುದನ್ನು ಹುಡುಕಿ ತೆಗೆದು ಅದರ ಕ್ರಮಸಂಖ್ಯೆಯನ್ನು ಒಮ್ಮೆ ನೋಡಬೇಕೆಂದು ಕೋರುತ್ತೇನೆ. ಆ ಮಾಲೆಯಲ್ಲಿ ನಮ್ಮ ದೇಶದ ಕಥಾವಸ್ತುವನ್ನು ಎತ್ತಿಕೊಂಡ ಮೊಟ್ಟಮೊದಲ ಪುಸ್ತಕ ಅದು. ಚಿತ್ರ ರಾಮ್ ವಾಯಿರ್‌ಕರ್ ಅವರದು, ಬರವಣಿಗೆ ಅನಂತ ಪೈ ಅವರದು. ಮೊದಲನೆಯ ಪುಸ್ತಕವೆಂದ ಮೇಲೆ ಅದರ ಮೇಲೆ 1 ಎಂಬ ಅಂಕಿ ಇರಬೇಕಷ್ಟೆ? ಇರುವುದು 11. ಹಾಗಾದರೆ ಒಂದರಿಂದ ಹತ್ತರವರೆಗಿನ ಪುಸ್ತಕಗಳು ಎಲ್ಲಿ ಹೋದುವು?

ಇದು ಅಚ್ಚಿನ ಮೊಳೆ ಜೋಡಿಸುವವನ ಕೈತಪ್ಪಲ್ಲ. ಆ ಹತ್ತು ಪುಸ್ತಕಗಳು ನಿಜವಾಗಿಯೂ ಹೊರಬಂದಿದ್ದುವು. ಅವು ಹುಟ್ಟಿದ್ದು ಮುಂಬಯಿಯಲ್ಲಲ್ಲ, ಬೆಂಗಳೂರಿನಲ್ಲಿ. ಮಾತಾಡಿದ್ದು ಇಂಗ್ಲಿಷನ್ನಲ್ಲ, ಕನ್ನಡವನ್ನು. ಭಾರತದ ಮಕ್ಕಳ ಎರಡು ತಲೆಮಾರುಗಳು ಓದಿ ಬೆಳೆದ, ನಾನೂರಕ್ಕೂ ಹೆಚ್ಚು ಶೀರ್ಷಿಕೆಗಳಾಗಿ ಹತ್ತು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾಗಿವೆಯೆಂದು ಪ್ರಕಾಶಕರು ಲೆಕ್ಕ ಹೇಳುವ ಈ ಮಹಾಮಾಲೆ ಮೊದಲು ತೊದಲಿದ್ದು ನಮ್ಮ ನುಡಿಯಲ್ಲಿ ಎಂಬ ಸಂಗತಿ ಎಷ್ಟು ಕನ್ನಡಿಗರಿಗೆ ಗೊತ್ತು? ನಾನು ಪಾಠ ಹೇಳುವ ತರಗತಿಗಳಲ್ಲಿ ಈ ಪ್ರಶ್ನೆಯನ್ನು ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಎತ್ತಿದ ಕೈ ಇದುವರೆಗೆ ಒಂದೂ ಕಂಡಿಲ್ಲ.

1965ರ ಮಾತು. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ವ್ಯವಹಾರದಲ್ಲಿದ್ದ ಜಿ. ಕೆ. ಅನಂತರಾಮ್ ಎಂಬವರಿಗೆ, ಇಂಗ್ಲಿಷಿನಲ್ಲಿ ಬರುವ ಬಣ್ಣಬಣ್ಣದ ಚಿತ್ರಕಥೆಗಳನ್ನು ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಕೊಟ್ಟರೇನು ಎಂಬ ಆಲೋಚನೆ ಹೊಳೆಯಿತು. ಇಂಡಿಯಾ ಬುಕ್ ಹೌಸ್ ಸಂಸ್ಥೆ ಅದಕ್ಕೆ ಒಪ್ಪಿತು. ಸಿಂಡ್ರೆಲ್ಲಾ, ಸ್ನೋ ವೈಟ್, ಪಿನೋಕಿಯೊ, ಅಲ್ಲಾದ್ದೀನನ ದೀಪ ಮೊದಲಾದ ಹೊರದೇಶದ ಕಥೆಗಳು ಕನ್ನಡದ ಮಾತು ತೊಟ್ಟು ಬಂದುವು. ಅವು ಚೆನ್ನಾಗಿಯೇ ಮಾರಾಟವಾದುವೆಂದು ಅನಂತರಾಮ್ ಅವರೇ ಹೇಳಿದ್ದಾರೆ. ಆ ಯಶಸ್ಸನ್ನು ಕಂಡ ಮೇಲೆಯೇ ಮುಂಬಯಿಯ ಮುಖ್ಯ ಕಚೇರಿಯ ಮೀರ್‌ಚಂದಾನಿಯವರು ಇಂಗ್ಲಿಷಿನಲ್ಲೂ ಇಂಥ ಮಾಲೆ ತರುವ ಯೋಜನೆಯನ್ನು ಮುಂದುವರಿಸಿ, ಅದಕ್ಕೆ ಅನಂತ ಪೈ ಅವರನ್ನು ಕರೆತಂದರೆಂಬುದು ಅವರ ನೆನಪು. ಕನ್ನಡ ಎಂ. ಎ. ಓದಿದ ನನ್ನಂಥವರಿಗೆ ಐಬಿಎಚ್ ಪ್ರಕಾಶನವೆಂದರೆ 'ಕವಿಕಾವ್ಯ ಪರಂಪರೆ'ಯ ಗಂಭೀರ ಪುಸ್ತಕಗಳು ಕಣ್ಣಮುಂದೆ ಬರುತ್ತವೆ. ಆ ಹೆಸರಿನ ಹಿಂದೆ ಏಳು ಕುಳ್ಳರ ಕಥೆಯೂ ಉಂಟೆಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಅನಂತ ಪೈ. ಅವರೂ ಹೊರಗಿನವರಲ್ಲ. 1929ರ ಸೆಪ್ಟೆಂಬರ್ 17ರಂದು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಮುಂಬಯಿ ಸೇರಿದವರು. ಓದಿದ್ದು ರಸಾಯನ ತಂತ್ರಶಾಸ್ತ್ರ, ಮನಸ್ಸು ನೆಟ್ಟದ್ದು ಮಕ್ಕಳ ಪುಸ್ತಕಗಳ ಮೇಲೆ. 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆ ನಡೆಸಿ ಕೈಸುಟ್ಟುಕೊಂಡರು. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗದಲ್ಲಿ ಕೆಲಸ. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ನೋಡುತ್ತಿದ್ದಾಗ, ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಉತ್ತರ ಹೇಳಿದ ಮಕ್ಕಳು ಶ್ರೀರಾಮನ ತಾಯಿಯ ಹೆಸರು ಹೇಳಲಾರದೆ ನಿಂತದ್ದನ್ನು ಕಂಡು ಅವರ ಮನಸ್ಸು ಕದಡಿತಂತೆ. ಅಮರ ಚಿತ್ರ ಕಥೆಯ ಹುಟ್ಟನ್ನು ಹೇಳುವವರೆಲ್ಲ ಈ ಪ್ರಸಂಗದಿಂದಲೇ ಆರಂಭಿಸುತ್ತಾರೆ. 2011ರ ಫೆಬ್ರವರಿಯಲ್ಲಿ ಅವರು ನಿಧನರಾದಾಗಲೂ ಪತ್ರಿಕೆಗಳು ಬರೆದದ್ದು ಇದನ್ನೇ. ಕಥೆ ಸೊಗಸಾಗಿದೆ, ಸತ್ಯವೂ ಹೌದು. ಆದರೆ ಅದು ಹನ್ನೊಂದನೆಯ ಸಂಖ್ಯೆಯಿಂದ ಮುಂದಿನ ಸತ್ಯ. ಹಿಂದಿನ ಹತ್ತಕ್ಕೆ ಅದರಲ್ಲಿ ಜಾಗವಿಲ್ಲ.

ಪೈ ಅವರ ಹಿರಿಮೆಯನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಬಸವೇಶ್ವರ, ತೆನಾಲಿ ರಾಮ, ಟಿಪ್ಪು ಸುಲ್ತಾನರನ್ನು ಬಿಹಾರದ ಹುಡುಗನ ಮುಂದೆಯೂ ಅಸ್ಸಾಮಿನ ಹುಡುಗಿಯ ಮುಂದೆಯೂ ತಂದು ನಿಲ್ಲಿಸಿದ ಆ 'ಅಂಕಲ್ ಪೈ' ಇಲ್ಲದಿದ್ದರೆ ಹತ್ತು ಪುಸ್ತಕಗಳು ಹತ್ತಕ್ಕೇ ನಿಂತುಬಿಡುತ್ತಿದ್ದುವೋ ಏನೋ. ಇಬ್ಬರ ಕೈಯೂ ಇದೆ. ಒಬ್ಬರ ಹೆಸರು ಮಾತ್ರ ಉಳಿದಿದೆ.

ಎರಡು ಕೈಗಳ ಗುಡಿ

ನಮ್ಮ ಕಡೆಯವರಿಗೆ ಈ ಮಾತು ಅರ್ಥವಾಗುವುದು ಸುಲಭ. ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕುರುಡುಮಲೆಗೆ ಬರುವ ಯಾತ್ರಿಕರು ಹದಿಮೂರು ಅಡಿಗೂ ಮಿಗಿಲಾದ ಏಕಶಿಲೆಯ ಮಹಾಗಣಪತಿಗೆ ಕೈಮುಗಿದು ಹಾಗೆಯೇ ಬಸ್ಸು ಹತ್ತುತ್ತಾರೆ. ಹತ್ತಿರದಲ್ಲೇ ಇರುವ ಸೋಮೇಶ್ವರನ ಗುಡಿಯ ಕಡೆಗೆ ಕಾಲು ಹಾಕುವವರು ಕಡಿಮೆ. ಅದರ ಒಂದು ಭಾಗವನ್ನು ಜಕಣಾಚಾರಿಯೂ ಇನ್ನೊಂದು ಭಾಗವನ್ನು ಅವನ ಮಗ ಡಂಕಣನೂ ಕಡೆದರೆಂದು ಊರವರು ಹೇಳುತ್ತಾರೆ. ಇದು ಅಪ್ಪನ ಉಳಿ, ಇದು ಮಗನ ಉಳಿ ಎಂದು ಬೆರಳು ಮಾಡಿಯೂ ತೋರಿಸುತ್ತಾರೆ. ಜಕಣಾಚಾರಿಯ ಹೆಸರು ನಾಡಿನ ಯಾವ ಪ್ರಾಚೀನ ಶಾಸನದಲ್ಲೂ ದೊರೆತಿಲ್ಲವೆಂಬುದು ವಿದ್ವಾಂಸರ ಮಾತು. ಅದಕ್ಕೆ ಪ್ರತಿಯಾಗಿ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರೂ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಸ್ಪಷ್ಟವಾಗಿ ಕೊರೆದಿಟ್ಟು ಹೋಗಿದ್ದಾರೆ. ಹೆಸರು ಕೊರೆದವನನ್ನು ಪಂಡಿತರು ಬಲ್ಲರು. ಕೊರೆಯದವನ ಮೇಲೆ 1964ರಲ್ಲಿ ಬಿ. ಎಸ್. ರಂಗಾ ಅವರು ಕನ್ನಡದ ಮೊದಲ ಪೂರ್ಣ ವರ್ಣಚಿತ್ರವನ್ನೇ ತೆಗೆದರು!

ಒಮ್ಮೆ ವಿದ್ಯಾರ್ಥಿಗಳನ್ನು ಆ ಗುಡಿಗೆ ಕರೆದೊಯ್ದಿದ್ದಾಗ ಹುಡುಗಿಯೊಬ್ಬಳು, "ಇಷ್ಟೆಲ್ಲ ಕೆತ್ತಿದೋರು ಒಂದು ಮೂಲೇಲಾದ್ರೂ ಹೆಸರು ಹಾಕ್ಕೋಬಾರ್ದಾಗಿತ್ತಾ, ಸಾರ್?" ಎಂದು ಕೇಳಿದಳು. ಪಕ್ಕದಲ್ಲಿದ್ದ ಅರ್ಚಕರು ನಕ್ಕು, "ಹೆಸರು ಹಾಕಿದ್ರೆ ನಾವು ಕಥೆ ಹೇಳೋದು ಹೇಗಮ್ಮ?" ಎಂದರು. ಅರ್ಚಕರ ಮಾತು ರಸಿಕರದು. ನಾನು ಮಾತ್ರ ಹುಡುಗಿಯ ಪಕ್ಷ.

ಬಿ. ಎಲ್. ರೈಸ್ ಅವರು ಈ ಸೀಮೆಯ ಕಲ್ಲುಕಲ್ಲನ್ನೂ ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕ'ದ 10ನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚು ಹಾಕಿಸದಿದ್ದರೆ, ಮುಳಬಾಗಿಲು ತಾಲ್ಲೂಕಿನ ಹೊಲಬದಿಯ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿ ಸವೆದು ಹೋಗುತ್ತಿದ್ದುವು. ಹಳೆಯ ಚಿತ್ರಕಥೆಯನ್ನು ಕೂಡಿಡುವವನ ಕೆಲಸವೂ ಅದೇ ಜಾತಿಯದು. ಮನೆಯಲ್ಲಿ ಮಕ್ಕಳಾಟವೆಂದು ನಗುತ್ತಾರೆ. ನಗಲಿ. ಕಲ್ಲಿಗಿಂತ ಬೇಗ ಸಾಯುವುದು ಕಾಗದ.

ಒಂದೇ ಚಿತ್ರ, ಎರಡು ಲಿಪಿ

ಆಂಧ್ರದ ಗಡಿಗೆ ತಾಗಿದ ನಮ್ಮ ಊರುಗಳಲ್ಲಿ ಈ ಹವ್ಯಾಸಕ್ಕೆ ಬೇರೆ ಕಡೆ ಸಿಗದ ಒಂದು ಸ್ವಾರಸ್ಯವಿದೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ಮದರಾಸಿನಿಂದ 'ಚಂದಮಾಮ'ವನ್ನು ತೆಲುಗು, ತಮಿಳುಗಳಲ್ಲಿ ಆರಂಭಿಸಿದರು. ಕನ್ನಡದ ಚಂದಮಾಮ ಅದರ ಬೆನ್ನಲ್ಲೇ ಬಂದಿತು. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡವಾದ ಮುಳಬಾಗಿಲಿನ ಮನೆಗಳಲ್ಲಿ ಅಜ್ಜಿಗೊಂದು ಪ್ರತಿ, ಮೊಮ್ಮಗನಿಗೊಂದು ಪ್ರತಿ. ಬೆನ್ನ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮರಾಜ ಎರಡರಲ್ಲೂ ಅವನೇ. ಕೆಳಗಿನ ಅಕ್ಷರ ಮಾತ್ರ ಬೇರೆ. ಆ ರಾಜನನ್ನು ಬರೆದ ಶಂಕರ್ ಅವರು ಸುಮಾರು ಅರವತ್ತು ವರ್ಷ ಚಂದಮಾಮಕ್ಕಾಗಿ ಕುಂಚ ಹಿಡಿದು 2020ರಲ್ಲಿ ಕಣ್ಣು ಮುಚ್ಚಿದರು. ಮುಖಪುಟದ ಇನ್ನೊಬ್ಬ ಪ್ರಸಿದ್ಧ ಚಿತ್ರಕಾರ ವಡ್ಡಾದಿ ಪಾಪಯ್ಯನವರು ತೆಲುಗು ಅಕ್ಷರದಲ್ಲಿ 'ವ. ಪಾ.' ಎಂದು ಸಹಿ ಮಾಡುತ್ತಿದ್ದರು. ಕನ್ನಡ ಪ್ರತಿಯ ಮೇಲೂ ಆ ತೆಲುಗು ಸಹಿ ಹಾಗೆಯೇ ಉಳಿದು, ಓದಬಲ್ಲ ನಮ್ಮವರಿಗೆ ಗುಟ್ಟೊಂದು ತಿಳಿದಂತೆ ಸಂತೋಷ ಕೊಡುತ್ತಿತ್ತು. ಇವರ ಜೊತೆಗೆ ಕನ್ನಡಿಗರೇ ಆದ ಎಂ. ಟಿ. ವಿ. ಆಚಾರ್ಯರು, ಅವರು ಬರೆದ ಮಹಾಭಾರತದ ಮುಖಚಿತ್ರಗಳಿಗಾಗಿ ಇಂದಿಗೂ ಹುಡುಕಾಟ ನಡೆದಿದೆ. ಮುಂದೆ ಅವರು ಬೆಂಗಳೂರಿನಲ್ಲಿ ನೆಲಸಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಇಂದು ಅರವತ್ತು ದಾಟಿದ ಎಷ್ಟು ಮಂದಿ ಗೃಹಸ್ಥರು ಆ ಪಾಠಗಳನ್ನು ತರಿಸಿಕೊಂಡು ಮೂಗು, ಕಿವಿ ಬರೆದು ಕಳುಹಿಸಿದ್ದರೋ!

ನನ್ನ ಸೋದರಮಾವನದು ಬೇರೆ ಪಂಥ. ಅವರ ತಗಡಿನ ಪೆಟ್ಟಿಗೆಯ ತುಂಬ 'ಇಂದ್ರಜಾಲ್ ಕಾಮಿಕ್ಸ್'. 1964ರ ಮಾರ್ಚಿಯಲ್ಲಿ ಟೈಮ್ಸ್ ಸಂಸ್ಥೆ ಆರಂಭಿಸಿದ ಈ ಮಾಲೆಯ ಮೊದಲ ಸಂಚಿಕೆ 'ಫ್ಯಾಂಟಮನ ನಡುಪಟ್ಟಿ'. ಅನಂತ ಪೈ ಅವರು ಆಗ ಅಲ್ಲಿಯೇ ಇದ್ದರು. ಮುಂದೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದು, ಎಂಟು ನೂರಕ್ಕೂ ಮಿಕ್ಕಿದ ಸಂಚಿಕೆಗಳ ಬಳಿಕ 1990ರಲ್ಲಿ ಅದು ನಿಂತಿತು. ಲೀ ಫಾಕ್ ಎಂಬ ಅಮೆರಿಕದ ಲೇಖಕ 1934ರಲ್ಲಿ ಜಾದೂಗಾರ ಮಾಂಡ್ರೇಕನನ್ನೂ 1936ರಲ್ಲಿ ಫ್ಯಾಂಟಮನನ್ನೂ ಸೃಷ್ಟಿಸಿದ್ದ. ಫ್ಯಾಂಟಮನ ಕಾಡಿನ ನಾಡಿಗೆ ಮೂಲದಲ್ಲಿ ಬೆಂಗಲ್ಲಾ ಎಂದು ಹೆಸರು. ಅದು ನಮ್ಮ ಬಂಗಾಳದಂತೆ ಕೇಳುವುದರಿಂದ ಇಂದ್ರಜಾಲದವರು ಡೆಂಕಾಲಿ ಎಂದು ಬದಲಿಸಿದರು. ಇತ್ತ ನಮ್ಮ ಮಾವನಿಗೆ ಡೆಂಕಾಲಿಯೆಂದರೆ ಹೊಸೂರಿನಾಚೆಯ ಡೆಂಕಣಿಕೋಟೆಯ ಕಾಡೇ ಎಂದು ಹತ್ತು ವರ್ಷದವರೆಗೆ ದೃಢವಾದ ನಂಬಿಕೆ. ಹಿಂದಿಯಲ್ಲಿ ಫ್ಯಾಂಟಮನಿಗೆ 'ವೇತಾಳ್' ಎಂದು ನಾಮಕರಣವಾಯಿತು. ಚಂದಮಾಮದ ಬೇತಾಳ ಮರಕ್ಕೆ ಜೋತು ಬೀಳುವವನು, ಈ ವೇತಾಳ ಕುದುರೆ ಏರುವವನು!

ನನ್ನ ಕಾಲಕ್ಕೆ ಇವರೆಲ್ಲ ಹಿನ್ನೆಲೆಗೆ ಸರಿದು 'ಬಾಲಮಂಗಳ'ದ ಡಿಂಗ ರಾಜ್ಯವಾಳುತ್ತಿದ್ದ. ಅವನ ವಿಷಯಕ್ಕೆ ಬೇರೆಯೇ ಒಂದು ಲೇಖನ ಬೇಕು, ಇಲ್ಲಿ ಬೇಡ.

ಕನ್ನಡದ ಮನೆಗಳಲ್ಲಿ ಸಂಗ್ರಹದ ಬುದ್ಧಿ ಇರಲಿಲ್ಲವೆಂದು ಯಾರೂ ಹೇಳಬಾರದು. ಇತ್ತು, ಆದರೆ ಅದು ಧಾರಾವಾಹಿಗಳ ಕಡೆಗೆ ಹರಿಯಿತು. 'ಪ್ರಜಾಮತ', 'ಸುಧಾ' ಮೊದಲಾದ ವಾರಪತ್ರಿಕೆಗಳಿಂದ ಕಾದಂಬರಿಯ ಪುಟಗಳನ್ನು ವಾರವಾರವೂ ಬಿಡಿಸಿ, ಜೋಡಿಸಿ, ದಪ್ಪ ರಟ್ಟು ಹಾಕಿಸಿ, ಬೆನ್ನಿಗೆ ಕ್ಯಾಲಿಕೋ ಅಂಟಿಸಿ ಬೀರುವಿನಲ್ಲಿಟ್ಟ ತಾಯಂದಿರ ಶ್ರದ್ಧೆ ಯಾವ ಗ್ರಂಥಪಾಲಕನಿಗೂ ಕಡಿಮೆಯದಲ್ಲ. ಇಂಥ ಸಂಪುಟವೊಂದು ಕೈಗೆ ಸಿಕ್ಕಿದರೆ ನಾನು ಮೊದಲು ನೋಡುವುದು ಪುಟಗಳ ಹಿಂಬದಿಯನ್ನು. ಕಾದಂಬರಿಯ ನಾಯಕಿ ಕಣ್ಣೀರಿಡುವ ಪುಟದ ಬೆನ್ನಿಗೆ ಸುಧಾದ ಫ್ಯಾಂಟಮನೋ ಯಾವುದಾದರೊಂದು ವ್ಯಂಗ್ಯಚಿತ್ರವೋ ಅಂಚು ಕತ್ತರಿಸಿಕೊಂಡು, ಅರ್ಧ ತಲೆಯೊಡನೆ ಬದುಕಿ ಉಳಿದಿರುತ್ತದೆ. ತಾಯಿ ಕಾಪಾಡಿದ್ದು ಒಂದನ್ನು, ಉಳಿದದ್ದು ಎರಡು.

ಕಾಪಾಡಿದರೆ ಏನಾಗುತ್ತದೆಂಬುದಕ್ಕೆ ಒಳ್ಳೆಯ ಉದಾಹರಣೆ 'ಕೊರವಂಜಿ'. 'ರಾಶಿ' ಎಂದೇ ಹೆಸರಾದ ಡಾಕ್ಟರ್ ಎಂ. ಶಿವರಾಮ್ ಅವರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಈ ಹಾಸ್ಯ ಮಾಸಪತ್ರಿಕೆಗೆ ಮೈಸೂರಿನ ಒಬ್ಬ ತರುಣ ವಿದ್ಯಾರ್ಥಿ ಚಿತ್ರ ಬರೆದುಕೊಡುತ್ತಿದ್ದ. ಮುಂದೆ ಆ ಆರ್. ಕೆ. ಲಕ್ಷ್ಮಣ್ ಏನಾದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಪ್ಪತ್ತೈದು ವರ್ಷಗಳ ಸಂಚಿಕೆಗಳನ್ನು ಜೋಪಾನ ಮಾಡಿದವರಿದ್ದರು. ಆದುದರಿಂದ ಲಕ್ಷ್ಮಣರ ಎಳೆಯ ಕೈಯ ಗೆರೆ ಇಂದಿಗೂ ನೋಡಲು ಸಿಗುತ್ತದೆ. 1965ರ ಹತ್ತು ಪುಸ್ತಕಗಳಿಗೆ ಈ ಭಾಗ್ಯ ಬರಲಿಲ್ಲ.

ಹೊರದೇಶದಲ್ಲಿ ಈ ಹವ್ಯಾಸ ಚಿನ್ನದ ವ್ಯಾಪಾರವಾಗಿದೆ. 1938ರಲ್ಲಿ ಹತ್ತು ಸೆಂಟ್ ಬೆಲೆಗೆ ಮಾರಿದ 'ಆ್ಯಕ್ಷನ್ ಕಾಮಿಕ್ಸ್' ಒಂದನೆಯ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ ಅರವತ್ತು ಲಕ್ಷ ಡಾಲರಿಗೆ ಹರಾಜಾಯಿತು. ಅದರಲ್ಲಿ ಮೊದಲು ಕಾಣಿಸಿಕೊಂಡವನು ಸೂಪರ್‌ಮ್ಯಾನ್. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಆ ಪಾತ್ರದ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟಿದ್ದರು. ಕೋಟಿಗಟ್ಟಲೆ ಹಣ ಬೇರೆಯವರ ಪೆಟ್ಟಿಗೆ ಸೇರಿತು. ವೃದ್ಧಾಪ್ಯದಲ್ಲಿ ಅವರು ಬಡತನದಲ್ಲಿರುವರೆಂದು ಪತ್ರಿಕೆಗಳಲ್ಲಿ ಗದ್ದಲವಾದ ಮೇಲೆ, 1975ರಲ್ಲಿ ಪ್ರಕಾಶಕರು ವರ್ಷಾಶನವನ್ನು ಗೊತ್ತುಮಾಡಿ, ಪುಸ್ತಕಗಳ ಮೇಲೆ ಅವರ ಹೆಸರನ್ನು ಮತ್ತೆ ಅಚ್ಚು ಹಾಕಿಸಿದರು. ಅರವತ್ತು ಲಕ್ಷದ ಸುದ್ದಿಗಿಂತ ಈ ಹೆಸರಿನ ಸುದ್ದಿ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ ಬೆಲೆಯ ಮಾತು ಬೇಡ, ಪ್ರತಿ ಸಿಕ್ಕಿದರೆ ಸಾಕು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲಿನಲ್ಲೂ ಕೋಲಾರದ ಗುಜರಿ ಅಂಗಡಿಗಳಲ್ಲೂ ನಾನು ಕಳೆದ ಭಾನುವಾರಗಳಿಗೆ ಲೆಕ್ಕವಿಲ್ಲ. ಮನೆಯವರು ಲೆಕ್ಕವಿಟ್ಟಿದ್ದಾರೆ, ಅದು ಬೇರೆ ಮಾತು. ಅಂಗಡಿಯವನೊಬ್ಬ, "ಮಕ್ಕಳ ಪುಸ್ತಕಾನಾ ಮೇಷ್ಟ್ರೇ? ಅದನ್ನ ಯಾರು ಬೇರೆ ಎತ್ತಿಡ್ತಾರೆ? ನ್ಯೂಸ್‌ಪೇಪರ್ ಜೊತೆ ತೂಕಕ್ಕೆ ಹೋಗುತ್ತೆ" ಎಂದು ಒಂದೇ ಮಾತಿನಲ್ಲಿ ಕನ್ನಡ ಬಾಲಸಾಹಿತ್ಯದ ಚರಿತ್ರೆಯನ್ನು ಹೇಳಿ ಮುಗಿಸಿದ. ನಮ್ಮ ಕಡೆಯ ಶಾಲೆಯೊಂದರ ಗ್ರಂಥಾಲಯದಲ್ಲಿ ಕನ್ನಡ ಚಿತ್ರಕಥೆಗಳ ಎರಡು ಕಟ್ಟುಗಳಿವೆಯೆಂಬ ಸುದ್ದಿ ಕೇಳಿ ನಾನು ಹೋದುದುಂಟು. ಅವುಗಳನ್ನು ಪುಸ್ತಕಗಳೆಂದು ಪಟ್ಟಿಗೆ ಸೇರಿಸಿಯೇ ಇರಲಿಲ್ಲ. ಪಟ್ಟಿಯಲ್ಲಿಲ್ಲದುದನ್ನು ಬಿಸಾಡಲು ಯಾರ ಅನುಮತಿ ಬೇಕು? ಗೋಡೆಗೆ ಸುಣ್ಣ ಬಳಿಯುವಾಗ ನೆಲಕ್ಕೆ ಹಾಸಲು ಅವು ಉಪಯೋಗವಾಗಿದ್ದುವು.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. 1954ರ ಕಾಯಿದೆಯೊಂದರ ಪ್ರಕಾರ ಭಾರತದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಮದರಾಸಿನ ಕನ್ನೆಮರಾ ಗ್ರಂಥಾಲಯವೇ ಮೊದಲಾದ ಗೊತ್ತುಪಡಿಸಿದ ಸಂಸ್ಥೆಗಳಿಗೂ ಒಪ್ಪಿಸಬೇಕು. ಕಾಕತಾಳೀಯವೆಂಬಂತೆ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆದದ್ದೂ 1965ರಲ್ಲೇ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಎಲ್ಲರಿಗೂ ತೆರೆದಿದೆ. ಈ ಹತ್ತು ಪುಸ್ತಕಗಳ ಮೇಲೆ ಒಂದು ಪುಟ್ಟ ಸಂಶೋಧನೆಯನ್ನಾದರೂ ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಯಾಕೆ ಕೈಗೊಳ್ಳಬಾರದು? ಪಂಪನ ಪಾಠಾಂತರಗಳನ್ನು ಶೋಧಿಸುವ ಶಿಸ್ತನ್ನೇ ಇಲ್ಲಿಗೂ ತಂದರಾಯಿತು. ಕನ್ನಡಕ್ಕೆ ಆ ಮಾತುಗಳನ್ನು ಬರೆದವರು ಯಾರು, ಚಿತ್ರದ ಗುಳ್ಳೆಯೊಳಗೆ ಅಕ್ಷರ ಕೂರಿಸಿದವರು ಯಾರು? ಕಾಗದ ಸಿಕ್ಕಿದ ದಿನ ಹೆಸರುಗಳೂ ಸಿಗಬಹುದು.

ಅಟ್ಟದ ಮೇಲೆ ಹಳೆಯ ಟ್ರಂಕುಗಳಿರುವ ವಾಚಕರಿಗೆ ಕೆಲವು ಮಾತು. ರಕ್ಷಾಪುಟ ಹರಿದಿದೆಯೆಂದು ಬಿಸಾಡಬೇಡಿ. ಒಳಬದಿಯ ಪುಟದ ಅಡಿಯಲ್ಲಿ ಪ್ರಕಾಶಕರ, ಮುದ್ರಕರ ಹೆಸರುಗಳನ್ನೂ ವಿಳಾಸವನ್ನೂ ನೋಡಿ. ಬೆಲೆ ರೂಪಾಯಿಗಿಂತ ಕಡಿಮೆಯಿದ್ದರೆ ಅದು ಸಾಮಾನ್ಯವಾಗಿ ಹಳೆಯ ಮುದ್ರಣ. ಮರುಮುದ್ರಣಗಳಲ್ಲಿ ಚಿತ್ರ ಅದೇ ಇದ್ದರೂ ಬೆಲೆ ಏರಿರುತ್ತದೆ. ದಪ್ಪ ರಕ್ಷಾಪುಟದ ಹೊಸ ಮುದ್ರಣಗಳಲ್ಲಿ ಅಮರ ಚಿತ್ರ ಕಥೆಯವರು ಎಣಿಕೆಯನ್ನೇ ಬದಲಿಸಿದ್ದರಿಂದ 'ಕೃಷ್ಣ' ಈಗ 501 ಆಗಿದ್ದಾನೆ. ಆ ಸಂಖ್ಯೆ ಕಂಡರೆ ಸಂತೋಷದಿಂದ ಮಕ್ಕಳಿಗೆ ಓದಲು ಕೊಟ್ಟುಬಿಡಿ. ಹರಿದ ಪುಟಕ್ಕೆ ಸೆಲೋಟೇಪು ಅಂಟಿಸಬಾರದು, ನಾಲ್ಕೇ ವರ್ಷದಲ್ಲಿ ಅದು ಎಣ್ಣೆಯ ಕಲೆಯಾಗಿ ಅಕ್ಷರವನ್ನೂ ನುಂಗುತ್ತದೆ. ತುಕ್ಕು ಹಿಡಿದ ಪಿನ್ನನ್ನು ಮೆಲ್ಲನೆ ಬಿಡಿಸಿ ನೂಲಿನಿಂದ ಹೊಲಿಯಬಹುದು. ಹುಳು ಹತ್ತದಂತೆ ತಾಳೆಗರಿಯ ಕಟ್ಟಿಗೆ ನಮ್ಮ ಹಿರಿಯರು ಇಡುತ್ತಿದ್ದ ಬಜೆಬೇರಿನ ತುಂಡೊಂದನ್ನು ಪೆಟ್ಟಿಗೆಯಲ್ಲಿಟ್ಟರೆ ನಷ್ಟವಿಲ್ಲ. ಇನ್ನು, ಕನ್ನಡದ ಮಾತುಳ್ಳ ಸಿಂಡ್ರೆಲ್ಲಾಳೋ ಪಿನೋಕಿಯೊನೋ ಹತ್ತರೊಳಗಿನ ಸಂಖ್ಯೆ ಹೊತ್ತು ಆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದರೆ, ದಯವಿಟ್ಟು ಹಳೆಯ ಪೇಪರಿನವನನ್ನು ಅಂದು ಬರಿಗೈಯಲ್ಲಿ ಕಳುಹಿಸಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ.